ಜೆಲ್ ಹಚ್ಚಿ ಹತ್ತು ದಿನ ಆತು, ಮುಖ ಸುಲೀತಾ ಐತೆ. ಬಿಡ್ಲಾ, ಮುಂದುವರಿಸ್ಲಾ?

ನಿಟ್ಟುವಳ್ಳಿ ನೀಲಿ · ಫೆಬ್ರವರಿ 8, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ದಾವಣಗೆರೆಯವಳು, ಡಿಗ್ರಿ ಕೊನೇ ವರ್ಷ. ಪಿಯುಸಿಯಿಂದಾನೂ ಮೊಡವೆ ಕಾಟ. ಹಣೆ ತುಂಬ ರವೆ ಚೆಲ್ಲಿದಂಗೆ ಸಣ್ಣ ಗುಳ್ಳೆ, ಕೆನ್ನೆ ಮೇಲೆ ಕೀವು ತುಂಬಿದ ಕೆಂಪುವು ಏಳೆಂಟು. ಒಂದು ಒಣಗಿದ್ರೆ ಕಪ್ಪು ಕಲೆ ಬಿಟ್ಟೇ ಹೋಗ್ತೈತೆ. ಹೋದ ತಿಂಗಳ ಕೊನೆಗೆ ಧೈರ್ಯ ಮಾಡಿ ಸ್ಕಿನ್ ಡಾಕ್ಟ್ರ ಹತ್ರ ಹೋದೆ. ಎರಡು ತಾಸು ಕಾದೆ, ಅವರು ಎರಡು ನಿಮಿಷ ನೋಡಿದ್ರು. ಅಡಾಪಲೀನ್, ಬೆಂಜಾಯಿಲ್ ಪೆರಾಕ್ಸೈಡ್ ಎರಡೂ ಸೇರಿರೋ ಜೆಲ್ ಬರೆದು "ರಾತ್ರಿ ಹಚ್ಕಳಮ್ಮ, ಮೂರು ತಿಂಗಳು ಬಿಟ್ಟು ಬಾ" ಅಂದ್ರು. ಅಷ್ಟೇ.

ಇವತ್ತು ಹತ್ತನೇ ದಿನ. ಮೂಗಿನ ಪಕ್ಕ, ಬಾಯಿ ಮೂಲೇಲಿ ಈರುಳ್ಳಿ ಸಿಪ್ಪೆ ಎದ್ದಂಗೆ ಚರ್ಮ ಏಳ್ತಾ ಐತೆ. ತಣ್ಣೀರು ಬಿದ್ರೂ ಉರಿ. ನಿನ್ನೆ ಮಂಡಕ್ಕಿ ಮಿರ್ಚಿ ತಿನ್ನಾಕೆ ಹೋಗಿ ಬಾಯಿ ಮೂಲೆಗೆ ಖಾರ ತಾಗಿ ಕಣ್ಣಲ್ಲಿ ನೀರು ಬಂತು. ಸಾಲದ್ದಕ್ಕೆ ಗದ್ದದ ಮೇಲೆ ಹೊಸಾವು ನಾಕು. ಅವ್ವ "ಇದ್ದ ಮುಖಾನೂ ಕೆಡಿಸ್ಕಂಡು ಕುಂತೆ" ಅಂತಾಳೆ. ನನಗೆ ಈ ಔಷಧ ಆಗಿಬರಲ್ವಾ? ಬಿಡ್ಲಾ?

ಬೆಣ್ಣೆ ಖಾಲಿ · ಫೆಬ್ರವರಿ 8, ರಾತ್ರಿ 11:05

ಮೊದ್ಲು ಒಂದು ಹೇಳವ್ವ, ಎಷ್ಟು ಹಚ್ತೀಯ? ನನ್ನ ತಮ್ಮ ಇದೇ ಜೆಲ್ಲನ್ನ ದೋಸೆಗೆ ಬೆಣ್ಣೆ ಸವರಿದಂಗೆ ಸವರ್ಕಂಡು ನಾಕು ದಿನ ಕಾಲೇಜಿಗೆ ಹೋಗಿರ್ಲಿಲ್ಲ.

ನಿಟ್ಟುವಳ್ಳಿ ನೀಲಿ · ಫೆಬ್ರವರಿ 8, ರಾತ್ರಿ 11:20

ತೋರುಬೆರಳು ಉದ್ದಕ್ಕೂ ಒಂದು ಗೆರೆ. ಮುಖಕ್ಕೆ ಒಂದು, ಕುತ್ತಿಗೆಗೆ ಇನ್ನೊಂದು ಸ್ವಲ್ಪ. ಸೋಪು ಹಾಕಿ ಚೆನ್ನಾಗಿ ತಿಕ್ಕಿ ತೊಳೆದು ಒದ್ದೆ ಇರುವಾಗ್ಲೇ ಹಚ್ತೀನಿ, ಹೀರ್ಕಳ್ಲಿ ಅಂತ. ಬೆಳಿಗ್ಗೆ ಸಿಪ್ಪೆ ಹೋಗ್ಲಿ ಅಂತ ಸ್ಕ್ರಬ್ ಹಾಕ್ತೀನಿ. ಮಾಯಿಶ್ಚರೈಸರ್ ಹಚ್ಚಲ್ಲ, ಮೊದ್ಲೇ ಎಣ್ಣೆ ಮುಖ. 15 ಗ್ರಾಂ ಟ್ಯೂಬಲ್ಲಿ ಅರ್ಧ ಖಾಲಿ ಆಗೈತೆ.

ಮೆಡಿಕಲ್ ಕೌಂಟರ್ · ಫೆಬ್ರವರಿ 9, ಬೆಳಿಗ್ಗೆ 7:15

ತಂಗಿ, ಔಷಧದ ತಪ್ಪಲ್ಲ ಇದು. ನೀನು ಹೇಳಿದ ನಾಕು ವಾಕ್ಯದಲ್ಲಿ ನಾಕು ತಪ್ಪು ಅದಾವೆ. ಹದಿನಾಕು ವರ್ಷ ಮೆಡಿಕಲ್ಲಲ್ಲಿ ನಿಂತಿದೀನಿ, ಈ ಟ್ಯೂಬು ತಗಂಡು ಹೋದೋರಲ್ಲಿ ಎರಡನೇ ಟ್ಯೂಬಿಗೆ ಬರೋರು ಕಮ್ಮಿ. ಎಲ್ಲಾ ನಿನ್ನಂಗೇ ಎರಡನೇ ವಾರಕ್ಕೆ ಹೆದರಿ ಬಿಟ್ಟು, ಟ್ಯೂಬ್ ಬಚ್ಚಲುಮನೆ ಗೂಡಲ್ಲಿ ಒಣಗಾಕೆ ಹಾಕ್ತಾರೆ.

ಡಾಕ್ಟ್ರು "ಬಟಾಣಿಯಷ್ಟು" ಅಂತ ಹೇಳ್ತಾರೆ, ಜನ ಹಸಿ ಬಟಾಣಿ ಅಂದ್ಕಂತಾರೆ. ಒಣ ಬಟಾಣಿ ಅದು. ನೆನೆಸದೇ ಇರೋದು! ಅಷ್ಟು ಇಡೀ ಮುಖಕ್ಕೆ. ಬೆರಳ ತುದೀಲಿ ತಗಂಡು ಹಣೆಗೊಂದು ಚುಕ್ಕಿ, ಎರಡು ಕೆನ್ನೆಗೊಂದೊಂದು, ಗದ್ದಕ್ಕೊಂದು, ಮೂಗಿಗೊಂದು ಇಟ್ಟು ಆಮೇಲೆ ತೆಳ್ಳಗೆ ಹರಡಬೇಕು. ಹಚ್ಚಿದ ಮೇಲೆ ಮುಖದ ಮೇಲೆ ಬೆಳ್ಳಗೆ ಕಂಡ್ರೆ ಜಾಸ್ತಿ ಆತು ಅಂತ ಲೆಕ್ಕ. ಮುಖಕ್ಕೆ ಮಾತ್ರ ಆದ್ರೆ 15 ಗ್ರಾಂ ಟ್ಯೂಬು ತಿಂಗಳ ಮೇಲೇ ಬರಬೇಕು. ಕಣ್ಣಿನ ಸುತ್ತ, ತುಟಿ, ಮೂಗಿನ ಹೊಳ್ಳೆ ಮೂಲೆ, ಬಾಯಿ ಮೂಲೆ ಇವಕ್ಕೆ ಹೋಗಬಾರದು. ನಿಂಗೆ ಸುಲೀತಿರೋದೂ ಅಲ್ಲೇ ಅಲ್ವಾ? ಜೆಲ್ ಹರಿದು ಹೋಗಿ ಆ ಮೂಲೇಲೇ ನಿಲ್ತೈತೆ.

ಮುಖ ಒದ್ದೆ ಇದ್ದಾಗ ಹಚ್ಚಿದ್ರೆ ಔಷಧ ಜಾಸ್ತಿ ಒಳಗೆ ಇಳೀತೈತೆ, ಉರೀನೂ ಜಾಸ್ತಿ. ತೊಳೆದು, ಟವೆಲ್ಲಲ್ಲಿ ಒತ್ತಿ ಒರೆಸಿ, ಹದಿನೈದು ಇಪ್ಪತ್ತು ನಿಮಿಷ ಬಿಡು. ಸ್ಕ್ರಬ್ ಇವತ್ತೇ ಎತ್ತಿಡು. ಅಡಾಪಲೀನ್ ತಾನೇ ಒಳಗಿಂದ ಸಿಪ್ಪೆ ತೆಗೆಯೋ ಕೆಲಸ ಮಾಡ್ತಿರುವಾಗ ನೀನು ಮೇಲಿಂದ ಕೆರೆದ್ರೆ ಗಾಯದ ಮೇಲೆ ಬರೆ.

ಉರಿ ಇಳಿಯೋವರೆಗೂ ನಾಕೈದು ದಿನ ಜೆಲ್ ಬಂದ್. ಬರೀ ಸೌಮ್ಯವಾದ ಫೇಸ್‌ವಾಶು, ಸಾದಾ ಮಾಯಿಶ್ಚರೈಸರು. ಆಮೇಲೆ ದಿನ ಬಿಟ್ಟು ದಿನ, ಬೇಕಾದ್ರೆ ಎರಡು ದಿನ ಬಿಟ್ಟು ಶುರು ಮಾಡು. ತಡ್ಕಂಡ್ರೆ ದಿನಾ ರಾತ್ರಿ. ಮಾಯಿಶ್ಚರೈಸರ್ ಮಾತ್ರ ಜೆಲ್ ಹಚ್ಚಿದ ಮೇಲೇ ಹಚ್ಚು, ಮೊದ್ಲು ಹಚ್ಚಿದ್ರೆ ಔಷಧ ಒಳಗೆ ಹೋಗಲ್ಲ.

ಕೋಟೆ ಬುಡದವ · ಫೆಬ್ರವರಿ 9, ಮಧ್ಯಾಹ್ನ 1:30

ಚಿತ್ರದುರ್ಗದಿಂದ. ನೀಲಿ ಅವರೇ, ನಿಮಗೆ ಉರೀತಾ ಇರೋದು ನಿಜವಾದ ಔಷಧ, ಅದಕ್ಕೆ ಸಂತೋಷ ಪಡ್ರಿ. ನನಗೆ ಸಿಕ್ಕಿದ್ದು ಉರೀದೇ ಇರೋ ಕ್ರೀಮು.

ಮೂರು ವರ್ಷದ ಹಿಂದೆ ರೂಮಲ್ಲಿದ್ದ ಗೆಳೆಯ ಒಂದು ಸಣ್ಣ ಟ್ಯೂಬು ಕೊಟ್ಟ. ಹಚ್ಚಿ ನಾಕನೇ ದಿನಕ್ಕೆ ಮೊಡವೆ ಮಾಯ, ಮುಖ ಬೆಳ್ಳಗೆ. ಊರಿಗೆ ಹೋದ್ರೆ ದೊಡ್ಡಮ್ಮ "ಏನ್ ತಿಂತೀಯೋ ಮಾರಾಯ, ಹಿಂಗೆ ಬಣ್ಣ ಬಂದೈತೆ" ಅಂದ್ಲು. ಒಂದು ವರ್ಷ ಹಚ್ಚಿದೆ. ಮೆಡಿಕಲ್ಲಲ್ಲಿ ಚೀಟಿ ಕೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ಸಲ ಊರಲ್ಲಿ ಟ್ಯೂಬ್ ಮರೆತು ಬಂದು ಎರಡು ದಿನ ಹಚ್ಚದೇ ಇದ್ದದ್ದಕ್ಕೆ ಮುಖ ಕೆಂಪು ಟೊಮೆಟೊ. ಬಿಸಿಲಿಗೆ ಹೋದ್ರೆ ಕಾದ ತವಾ ಮುಟ್ಟಿದಂಗೆ. ಎಲ್ಲಾ ಒಂದೇ ಅಳತೆ ಗುಳ್ಳೆ ಸಾಲಾಗಿ ಎದ್ವು, ಕೆನ್ನೆ ಮೇಲೆ ಸಣ್ಣ ಕೂದಲು ಬೇರೆ. ಮತ್ತೆ ಹಚ್ಚಿದ್ರೆ ಕಮ್ಮಿ, ಬಿಟ್ರೆ ಡಬಲ್.

ಡಾಕ್ಟ್ರು ಟ್ಯೂಬ್ ತಗಂಡು ತಿರುವಿ ನೋಡಿ, ಹಿಂದೆ ಬರೆದಿದ್ದ ಸಣ್ಣಕ್ಷರ ನನಗೇ ಓದಿಸಿದ್ರು. ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನೋಯಿನ್. ಮೂರು ಔಷಧದ ಕಾಂಬಿನೇಶನ್ ಅದೂನೂ. ಭಂಗಿನ ಕಲೆಗೆ ಡಾಕ್ಟ್ರು ಕೆಲವೇ ವಾರಕ್ಕೆ ಅಂತ ಬರೆಯೋದನ್ನ ನಾನು ಸ್ನೋ ಹಚ್ಚಿದಂಗೆ ವರ್ಷಗಟ್ಟಲೆ ಹಚ್ಚಿದ್ದೆ. ಅದರಲ್ಲಿ ಮೊದಲನೇದು ಸ್ಟೆರಾಯ್ಡು. ಮುಖ ಒಂದು ಹದಕ್ಕೆ ಬರಾಕೆ ಎಂಟು ತಿಂಗಳು ಹಿಡೀತು. ಕಾಂಬಿನೇಶನ್ ಅಂದ ಕೂಡ್ಲೇ ಎಲ್ಲಾ ಒಂದೇ ಅಲ್ಲ ಅಂತ ಹೇಳಾಕೆ ಇಷ್ಟು ಬರೆದೆ.

ಮೆಡಿಕಲ್ ಕೌಂಟರ್ · ಫೆಬ್ರವರಿ 9, ಸಂಜೆ 4:10

ಕೋಟೆ ಅಣ್ಣ ಹೇಳಿದ್ದು ನೂರಕ್ಕೆ ನೂರು. ನಮ್ಮ ಧಂದೆಯವರದ್ದೂ ಇದರಲ್ಲಿ ತಪ್ಪೈತೆ, ಮುಚ್ಚಿಡಲ್ಲ. ಹಚ್ಚೋ ಸ್ಟೆರಾಯ್ಡುಗಳಿಗೆ 2018ರಲ್ಲೇ ಕೇಂದ್ರ ಸರ್ಕಾರ ಶೆಡ್ಯೂಲ್ ಹೆಚ್ ನಿಯಮ ಬಿಗಿ ಮಾಡ್ತು, ಚೀಟಿ ಇಲ್ದೆ ಕೊಡಂಗಿಲ್ಲ. ಆದ್ರೂ ಗಿರಾಕಿ ಬಂದು "ಆ ಬಿಳಿ ಆಗೋ ಟ್ಯೂಬ್ ಕೊಡ್ರಿ" ಅಂತ ಕೈ ಚಾಚ್ತಾರೆ, ಕೊಡದೇ ಇದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ.

ಇನ್ನೊಂದು ಒಳಗಿನ ಮಾತು. ಒಂದೇ ಕಂಪನಿ, ಒಂದೇ ಹೆಸರು, ಆದ್ರೆ ಹೆಸರಿನ ಹಿಂದೆ ಎರಡು ಮೂರು ಅಕ್ಷರದ ಬಾಲ ಇರ್ತೈತೆ. ಬಾಲ ಬದಲಾದ್ರೆ ಔಷಧಾನೇ ಬದಲು. ಒಂದು ಬರೀ ಅಡಾಪಲೀನ್, ಒಂದರಲ್ಲಿ ಅದಕ್ಕೆ ಕ್ಲಿಂಡಾಮೈಸಿನ್ ಸೇರಿರ್ತೈತೆ, ಮತ್ತೊಂದರಲ್ಲಿ ಬೆಂಜಾಯಿಲ್ ಪೆರಾಕ್ಸೈಡ್. ಫೋನಲ್ಲಿ ಹೆಸರು ಹೇಳಿ ತಮ್ಮನ್ನ ಅಂಗಡಿಗೆ ಕಳಿಸಬ್ಯಾಡ್ರಿ, ಚೀಟೀನೇ ಕೊಟ್ಟು ಕಳಿಸ್ರಿ.

ಅಜ್ಜಿ ಮದ್ದು · ಫೆಬ್ರವರಿ 9, ರಾತ್ರಿ 8:00

ಇಷ್ಟೆಲ್ಲಾ ಕೆಮಿಕಲ್ ಯಾಕ್ರೀ ಬೇಕು? ಕಡ್ಲೆಹಿಟ್ಟು, ಅರಿಶಿನ, ನಿಂಬೆರಸ. ಗುಳ್ಳೆ ದೊಡ್ಡದಾದ್ರೆ ರಾತ್ರಿ ಟೂತ್‌ಪೇಸ್ಟ್ ಇಟ್ಟು ಮಲಗ್ರಿ. ನಮ್ಮ ಕಾಲದಲ್ಲಿ ಯಾರು ಜೆಲ್ ಕಂಡಿದ್ರು?

ಬೆಣ್ಣೆ ಖಾಲಿ · ಫೆಬ್ರವರಿ 9, ರಾತ್ರಿ 8:12

ಅಜ್ಜಿ ಕಾಲದಲ್ಲಿ ಟೂತ್‌ಪೇಸ್ಟ್ ಎಲ್ಲಿತ್ತು ಯಜಮಾನ್ರೇ, ಇದ್ಲಿಪುಡಿ ತಾನೇ?

ಚರ್ಮದ ಪೀಜಿ · ಫೆಬ್ರವರಿ 9, ರಾತ್ರಿ 11:45

ಡ್ಯೂಟಿ ಮುಗಿಸಿ ಓದಿದೆ. ಚರ್ಮರೋಗ ವಿಭಾಗದಲ್ಲಿ ಪೀಜಿ ಮಾಡ್ತಿದ್ದೇನೆ. ಮುಖ ನೋಡದೆ ಯಾರಿಗೂ ಔಷಧ ಬರೆಯಲ್ಲ, ತಿಳಿದ ಸಾಮಾನ್ಯ ವಿಷಯ ಅಷ್ಟೇ ಹೇಳ್ತೀನಿ.

ನಿಂಬೆರಸ, ಟೂತ್‌ಪೇಸ್ಟ್ ಎರಡೂ ಚರ್ಮ ಸುಡುತ್ತವೆ. ನಮ್ಮಂಥ ಗೋಧಿಬಣ್ಣ, ಕಂದುಬಣ್ಣದ ಚರ್ಮದಲ್ಲಿ ಸುಟ್ಟ ಜಾಗ, ಕೆರೆದ ಜಾಗ ಕಪ್ಪಾಗೇ ಮಾಯುವುದು. ಓಪಿಡಿಗೆ ಬರುವ ಹುಡುಗಿಯರಲ್ಲಿ ಎಷ್ಟೋ ಜನಕ್ಕೆ ಮೊಡವೆಗಿಂತ ಅದು ಬಿಟ್ಟುಹೋದ ಕಲೆಯದ್ದೇ ಚಿಂತೆ. ಅದಕ್ಕೇ ನೀಲಿಯವರ ಉರಿಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಔಷಧದ ಉರಿಯೇ ಹೆಚ್ಚಾದರೆ ಅದೂ ಕಲೆ ಮಾಡುತ್ತೆ.

ಈ ಎರಡನ್ನು ಯಾಕೆ ಜೋಡಿ ಮಾಡಿದರು ಅಂತ ಯಾರೂ ರೋಗಿಗೆ ಹೇಳಲ್ಲ. ಎರಡು ನಿಮಿಷದಲ್ಲಿ ಹೇಳೋಕೂ ಆಗಲ್ಲ, ಹೊರಗೆ ಸಾಲು ನಿಂತಿರುತ್ತೆ. ಮೊಡವೆ ಶುರುವಾಗೋದು ಕಣ್ಣಿಗೆ ಕಾಣದ ಹಾಗೆ: ಕೂದಲಿನ ಬುಡದ ತೂತಿನಲ್ಲಿ ಸತ್ತ ಚರ್ಮದ ಕಣ, ಜಿಡ್ಡು ಸೇರಿ ಬಿರಡೆ ಹಾಕಿದ ಹಾಗೆ ಮುಚ್ಚಿಕೊಳ್ಳುತ್ತೆ. ಅದು ಎದ್ದು ಕಾಣೋಕೆ ವಾರಗಳು ಬೇಕು. ಒಳಗೆ ಗಾಳಿ ಕಡಿಮೆ, ಜಿಡ್ಡು ಜಾಸ್ತಿ. ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಅನ್ನೋ ಬ್ಯಾಕ್ಟೀರಿಯಾಕ್ಕೆ ಅದೇ ಹಬ್ಬ. ಅಡಾಪಲೀನ್ ವಿಟಮಿನ್ ಎ ಬಳಗದ್ದು, ಬಿರಡೆ ಬೀಳದ ಹಾಗೆ ನೋಡಿಕೊಳ್ಳುತ್ತೆ. ಬೆಂಜಾಯಿಲ್ ಪೆರಾಕ್ಸೈಡ್ ಒಳಗೆ ಆಕ್ಸಿಜನ್ ಬಿಟ್ಟು ಬ್ಯಾಕ್ಟೀರಿಯಾ ಕೊಲ್ಲುತ್ತೆ. ಇದೇ ಬಳಗದ ಹಳೆಯ ಟ್ರೆಟಿನೋಯಿನ್ನನ್ನು ಬೆಂಜಾಯಿಲ್ ಜೊತೆ ಸುಮ್ಮನೆ ಕಲಸಿಟ್ಟರೆ ಬೆಳಕಿಗೆ ಕೆಟ್ಟುಹೋಗುತ್ತೆ, ಅಡಾಪಲೀನ್ ತಡೆದುಕೊಳ್ಳುತ್ತೆ. ಅದಕ್ಕೇ ಇವೆರಡನ್ನು ಒಂದೇ ಟ್ಯೂಬಿಗೆ ತುಂಬೋಕೆ ಆಯಿತು. 0.1 ಮತ್ತು 2.5 ಶೇಕಡಾ ಇರುವ ಈ ಜೋಡಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2008ರಲ್ಲಿ.

ನೀವು ಹಚ್ಚೋದು ಇವತ್ತು ಕಾಣ್ತಿರೋ ಗುಳ್ಳೆಗಲ್ಲ, ಮುಂದಿನ ತಿಂಗಳು ಏಳಬೇಕಿದ್ದ ಗುಳ್ಳೆಗೆ. ಆದ್ದರಿಂದ ಗುಳ್ಳೆ ಇರೋ ಕಡೆ ಮಾತ್ರ ಚುಕ್ಕಿ ಇಡಬೇಡಿ, ಮೊಡವೆ ಬರೋ ಜಾಗಕ್ಕೆಲ್ಲಾ ತೆಳುವಾಗಿ ಹಚ್ಚಿ. ಗದ್ದದ ಮೇಲೆ ಹೊಸದು ನಾಲ್ಕು ಬಂದಿದ್ದು, ಒಳಗೇ ಕುಳಿತಿದ್ದವು ಬೇಗ ಎದ್ದಿರಬಹುದು. ಹನ್ನೆರಡು ವಾರ ಆಗದೆ ಕೆಲಸ ಮಾಡಿತೋ ಇಲ್ಲವೋ ಅಂತ ತೀರ್ಮಾನ ಮಾಡೋಕೆ ಆಗಲ್ಲ. ಉರಿ, ಸಿಪ್ಪೆ ಸಾಮಾನ್ಯವಾಗಿ ಮೊದಲ ಎರಡು ವಾರ ಜೋರು, ತಿಂಗಳ ಹೊತ್ತಿಗೆ ಇಳಿಯುತ್ತೆ. ಆದರೆ ಕಣ್ಣು, ತುಟಿ ಊದಿಕೊಂಡರೆ, ನೀರುಗುಳ್ಳೆ ಎದ್ದರೆ, ಉಸಿರು ಕಟ್ಟಿದ ಹಾಗಾದರೆ ಅದು ಅಲರ್ಜಿ. ಜೆಲ್ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಮೆಡಿಕಲ್ ಅಣ್ಣಾ, ಎಲ್ಲಾ ಸರಿ, ಮಾಯಿಶ್ಚರೈಸರ್ ಮಾತು ಮಾತ್ರ ಒಪ್ಪಲ್ಲ. ಉರಿ ತಡೆಯೋಕೆ ಆಗದವರಿಗೆ ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಜೆಲ್ ಅಂತ ನಾವೇ ಹೇಳ್ತೀವಿ. ಮೂರು ದಿನ ಹಚ್ಚಿ ಬಿಡೋದಕ್ಕಿಂತ ಮೂರು ತಿಂಗಳು ಮೆತ್ತಗೆ ಹಚ್ಚೋದು ಮೇಲು.

ಮೆಡಿಕಲ್ ಕೌಂಟರ್ · ಫೆಬ್ರವರಿ 10, ಬೆಳಿಗ್ಗೆ 7:05

ಆತು ಡಾಕ್ಟ್ರೇ, ತಿದ್ಕಂಡೆ. ಇನ್ಮೇಲೆ ಕೌಂಟರಲ್ಲೂ ಹಂಗೇ ಹೇಳ್ತೀನಿ.

ವಿದ್ಯಾನಗರ 2ನೇ ಕ್ರಾಸ್ · ಫೆಬ್ರವರಿ 10, ಬೆಳಿಗ್ಗೆ 9:30

ನನ್ನ ಕಸಿನ್ ಅಮೆರಿಕದಲ್ಲಿದ್ದಾನೆ. ಅಲ್ಲಿ ಇದು ಸೂಪರ್ ಮಾರ್ಕೆಟಲ್ಲಿ ಸೋಪಿನ ಪಕ್ಕ ಸಿಗುತ್ತಂತೆ. ಇಲ್ಲಿ ಸುಮ್ನೆ ಡಾಕ್ಟರ್ ಫೀಸು ದಂಡ. ಇನ್ನೊಂದು, 2.5 ಯಾಕೆ? 10 ಪರ್ಸೆಂಟಿನ ಬೆಂಜಾಯಿಲ್ ಇದೆ, ಬೇಗ ಹೋಗುತ್ತೆ.

ಚರ್ಮದ ಪೀಜಿ · ಫೆಬ್ರವರಿ 10, ರಾತ್ರಿ 10:20

ಅಲ್ಲಿ 2016ರಲ್ಲಿ ಚೀಟಿ ಇಲ್ಲದೆ ಸಿಗೋ ಹಾಗೆ ಮಾಡಿದ್ದು 0.1 ಶೇಕಡಾದ ಅಡಾಪಲೀನ್ ಒಂದನ್ನೇ. ಬೆಂಜಾಯಿಲ್ ಬೇರೆಯಾಗಿ ಸಿಗುತ್ತೆ. ಎರಡೂ ಸೇರಿದ ಟ್ಯೂಬಿಗೆ ಆಗ ಅಲ್ಲೂ ಚೀಟಿ ಬೇಕಿತ್ತು. ಇನ್ನು 10 ಶೇಕಡಾದ್ದು 2.5ಕ್ಕಿಂತ ನಾಲ್ಕು ಪಟ್ಟು ಕೆಲಸ ಮಾಡಲ್ಲ, ಗುಣ ಹೆಚ್ಚುಕಡಿಮೆ ಅಷ್ಟೇ. ಹೆಚ್ಚಾಗೋದು ಉರಿ.

ಬರೀ ಕ್ಲಿಂಡಾಮೈಸಿನ್ ಜೆಲ್ಲನ್ನು ತಿಂಗಳುಗಟ್ಟಲೆ ಹಚ್ಚೋರಿಗೂ ಒಂದು ಮಾತು. ಅದು ಆ್ಯಂಟಿಬಯಾಟಿಕ್. ಒಂದನ್ನೇ ಹಚ್ಚುತ್ತಾ ಹೋದರೆ ಬ್ಯಾಕ್ಟೀರಿಯಾ ಅದಕ್ಕೆ ಪಳಗಿಬಿಡುತ್ತೆ, ಆಮೇಲೆ ನೀರು ಹಚ್ಚಿದಂಗೆ. ಬೆಂಜಾಯಿಲ್ಲಿಗೆ ಹಾಗೆ ಪಳಗೋಕೆ ಆಗಲ್ಲ, ಅದಕ್ಕೇ ಕ್ಲಿಂಡಾಮೈಸಿನ್ ಕೊಟ್ಟರೂ ಬೆಂಜಾಯಿಲ್ ಜೊತೆಗೆ ಕೊಡೋದು. 2023ರಲ್ಲಿ ಅಮೆರಿಕದಲ್ಲಿ ಕ್ಲಿಂಡಾಮೈಸಿನ್, ಅಡಾಪಲೀನ್, ಬೆಂಜಾಯಿಲ್ ಮೂರೂ ಸೇರಿದ ಜೆಲ್ಲಿಗೇ ಒಪ್ಪಿಗೆ ಸಿಕ್ಕಿದೆ.

ಹರಿಹರದ ಸೊಸೆ · ಫೆಬ್ರವರಿ 12, ಮಧ್ಯಾಹ್ನ 2:50

ಕೇಳಾಕೆ ಮುಜುಗರ, ಆದ್ರೂ ಕೇಳ್ತೀನಿ. ನನಗೆ ಮೂರು ತಿಂಗಳು. ಬಸಿರಾದ ಮೇಲೇ ಮುಖದ ತುಂಬ ಎದ್ದಾವೆ. ನಾದಿನಿ ಹತ್ರ ಇದೇ ಜೆಲ್ ಇತ್ತು, ನಾಕು ದಿನ ಹಚ್ಕಂಡೆ. ಏನಾದ್ರೂ ಆಗ್ತೈತಾ?

ಚರ್ಮದ ಪೀಜಿ · ಫೆಬ್ರವರಿ 12, ಸಂಜೆ 6:00

ಅಕ್ಕ, ಗಾಬರಿ ಬೇಡ, ಚರ್ಮದಿಂದ ರಕ್ತಕ್ಕೆ ಸೇರೋದು ಬಹಳ ಕಡಿಮೆ. ಆದರೆ ಇವತ್ತಿಂದ ನಿಲ್ಲಿಸಿ. ವಿಟಮಿನ್ ಎ ಬಳಗದ ಯಾವುದನ್ನೂ ಬಸುರಿಯರಿಗೆ ಕೊಡಲ್ಲ, ಹಚ್ಚೋದಾದ್ರೂ ಅಷ್ಟೇ. ಮುಂದಿನ ತಪಾಸಣೆಗೆ ಹೋದಾಗ ನಾಲ್ಕು ದಿನ ಹಚ್ಚಿದ್ದನ್ನು ನಿಮ್ಮ ಡಾಕ್ಟರಿಗೆ ಹೇಳಿ. ಬಸುರಿಯರಿಗೆ ಅಜೆಲಾಯಿಕ್ ಆ್ಯಸಿಡ್, ಬರೀ ಬೆಂಜಾಯಿಲ್ ಇಂಥವು ಇವೆ, ಅವರೇ ನೋಡಿ ಕೊಡ್ತಾರೆ.

ಮೊಡವೆಗೆ ಐಸೋಟ್ರೆಟಿನೋಯಿನ್ ಮಾತ್ರೆ ನುಂಗ್ತಿರೋ ಹೆಣ್ಣುಮಕ್ಕಳಿಗೆ ಇದು ಇನ್ನೂ ಗಟ್ಟಿ ಮಾತು. ಮಗುವಿಗೆ ಅಂಗವೈಕಲ್ಯ ಬರುವ ಅಪಾಯ ಬಹಳ. ಮಾತ್ರೆ ನಿಲ್ಲಿಸಿ ಕನಿಷ್ಠ ಒಂದು ತಿಂಗಳಾದರೂ ಬಸಿರು ನಿಲ್ಲಬಾರದು. ಆ ಮಾತ್ರೆಯನ್ನು ಯಾರೂ ಯಾರಿಗೂ ಹಂಚಿಕೊಳ್ಳಬೇಡಿ, ದಯವಿಟ್ಟು.

ಹರಿಹರದ ಸೊಸೆ · ಫೆಬ್ರವರಿ 12, ಸಂಜೆ 6:25

ಟ್ಯೂಬ್ ನಾದಿನಿಗೇ ವಾಪಸ್ ಕೊಟ್ಟೆ. ನಿಮ್ಮ ಹೊಟ್ಟೆ ತಣ್ಣಗಿರ್ಲಿ.

ಮಂಡಿಪೇಟೆ ಮಾವ · ಫೆಬ್ರವರಿ 15, ರಾತ್ರಿ 9:00

ಬೆಣ್ಣೆ ದೋಸೆ ಬಿಡಿಸಿಬಿಟ್ಟಾರೆ ನನ್ನ ಮಗನಿಗೆ, ಮೊಡವೆ ಅಂತ. ಅವರಮ್ಮನ ಆರ್ಡರು. ದಾವಣಗೆರೇಲಿ ಹುಟ್ಟಿ ಇದೆಂಥ ಶಿಕ್ಷೆ? ಯಾರಾದ್ರೂ ಬಲ್ಲೋರು ಹೇಳ್ರಪ್ಪ.

ಚರ್ಮದ ಪೀಜಿ · ಫೆಬ್ರವರಿ 16, ಬೆಳಿಗ್ಗೆ 6:50

ಬೆಣ್ಣೆಯ ಮೇಲೆ ಅಷ್ಟು ಗಟ್ಟಿ ಪುರಾವೆ ಇಲ್ಲ. ಸಕ್ಕರೆ, ಮೈದಾ ಥರ ರಕ್ತದಲ್ಲಿ ಸಕ್ಕರೆ ಬೇಗ ಏರಿಸೋವು, ಕೆಲವರಲ್ಲಿ ಹಾಲು, ಇವಕ್ಕೂ ಮೊಡವೆಗೂ ನಂಟು ಕಂಡಿದೆ. ವಾರಕ್ಕೊಂದು ದೋಸೆಗೆ ಅಡ್ಡಿ ಇಲ್ಲ, ಅದರ ಜೊತೆ ಕುಡಿಯೋ ಕೂಲ್‌ಡ್ರಿಂಕ್ಸ್ ಬಿಡಿಸಿ. ಮಗನ ಮೊಡವೆ ಹಣೆ ಮೇಲೇ ಜಾಸ್ತಿ ಇದ್ದರೆ ತಲೆಗೆ ಎಷ್ಟು ಎಣ್ಣೆ ಹಚ್ಚುತ್ತಾನೆ ನೋಡಿ.

ಮಂಡಿಪೇಟೆ ಮಾವ · ಫೆಬ್ರವರಿ 16, ಬೆಳಿಗ್ಗೆ 7:30

ಹಣೆ ಮೇಲೇ ಐತೆ. ಎಣ್ಣೆ ಹಚ್ಚೋದು ಅವರಮ್ಮನೇ. ಈಗ ಮಾತು ನನ್ನ ಕೈಗೆ ಬಂತು!

ನಿಟ್ಟುವಳ್ಳಿ ನೀಲಿ · ಮಾರ್ಚ್ 14, ರಾತ್ರಿ 9:50

ಐದು ದಿನ ಬಿಟ್ಟು, ಮೆಡಿಕಲ್ ಅಣ್ಣ ಹೇಳ್ದಂಗೆ ವಾರಕ್ಕೆ ಮೂರು ಸಲದಿಂದ ಮತ್ತೆ ಶುರು ಮಾಡಿದ್ದೆ. ಮಾಯಿಶ್ಚರೈಸರ್ ಕೆಳಗೊಂದು, ಮೇಲೊಂದು. ಉರಿ ಇಲ್ಲ. ಹಣೆ ಮೇಲಿನ ರವೆ ಅರ್ಧ ಕಮ್ಮಿ. ಕೆನ್ನೆ ಮೇಲಿನವು ಇನ್ನೂ ಬರ್ತಾವೆ, ಆದ್ರೆ ಬೇಗ ಒಣಗ್ತಾವೆ. ಬಿಸಿಲು ಜೋರಾಗೈತೆ, ಸನ್‌ಸ್ಕ್ರೀನ್ ಹಚ್ಚಿ, ಮುಖಕ್ಕೆ ವೇಲ್ ಸುತ್ಕಂಡೇ ಸ್ಕೂಟಿ ಹತ್ತೋದು.

ಒಂದು ಅನಾಹುತ ಆತು. ಹೋದ ವಾರ ರಾತ್ರಿ ಜೆಲ್ ಹಚ್ಕಂಡು ಅವ್ವನ ತೊಡೆ ಮೇಲೆ ತಲೆ ಇಟ್ಟು ಸೀರಿಯಲ್ ನೋಡ್ತಾ ಅಲ್ಲೇ ನಿದ್ದೆ ಹೋಗಿದ್ದೆ. ಅವ್ವ ಉಟ್ಟಿದ್ದು ಕಡುನೀಲಿ ಕಾಟನ್ ಸೀರೆ, ಎರಡೇ ಸಲ ಉಟ್ಟಿದ್ದು. ಒಗೆದು ಹರವಿದ್ರೆ ತೊಡೆ ಜಾಗದಲ್ಲಿ ಅಂಗೈ ಅಗಲ ಕಿತ್ತಳೆ ಬಣ್ಣ. ಅದರ ಪಕ್ಕ ನನ್ನ ಕೆನ್ನೆ, ಗದ್ದದ ಅಚ್ಚು. ಅವ್ವ ಸೋಪು ಬದಲಾಯಿಸಿ, ನಿಂಬೆಹುಳಿ ಹಾಕಿ ಮೂರು ಸಲ ತಿಕ್ಕಿದ್ಲು. ನಾನು ಬಾಯಿ ಬಿಡಲಿಲ್ಲ.

ಮೆಡಿಕಲ್ ಕೌಂಟರ್ · ಮಾರ್ಚ್ 14, ರಾತ್ರಿ 10:15

ಅಯ್ಯೋ ತಂಗಿ, ಹೇಳೋದೇ ಮರೆತೆ. ಅದು ಕಲೆ ಅಲ್ಲ, ಬಣ್ಣಾನೇ ಹೋಗಿರೋದು. ಬೆಂಜಾಯಿಲ್ ಬ್ಲೀಚ್ ಮಾಡ್ತೈತೆ, ತಿಕ್ಕಿದ್ರೆ ವಾಪಸ್ ಬರಲ್ಲ. ದಿಂಬಿಗೆ ಬಿಳಿ ಕವರು, ಮುಖಕ್ಕೆ ಬಿಳಿ ಟವೆಲ್ಲು, ಹಚ್ಚಿದ ಕೈ ಸೋಪಲ್ಲಿ ತೊಳೀಬೇಕು. ಅವ್ವನಿಗೆ ನಿಜ ಹೇಳಿಬಿಡು, ಪಾಪ, ಇನ್ನೆಷ್ಟು ತಿಕ್ತಾಳೆ.

ಕೋಟೆ ಬುಡದವ · ಏಪ್ರಿಲ್ 6, ಮಧ್ಯಾಹ್ನ 3:20

ಬೆಂಜಾಯಿಲ್ ಪೆರಾಕ್ಸೈಡಿನಲ್ಲಿ ಬೆಂಜೀನ್ ಅಂತ ಕ್ಯಾನ್ಸರ್ ತರೋದು ಸಿಗ್ತೈತೆ ಅಂತ ವಾಟ್ಸಾಪಲ್ಲಿ ಓಡಾಡ್ತಾ ಐತೆ. ಹೌದಾ?

ಚರ್ಮದ ಪೀಜಿ · ಏಪ್ರಿಲ್ 6, ರಾತ್ರಿ 11:10

ಪೂರ್ತಿ ಸುಳ್ಳಲ್ಲ, ವಾಟ್ಸಾಪಿನಷ್ಟು ನಿಜವೂ ಅಲ್ಲ. ಬೆಂಜಾಯಿಲ್ ಪೆರಾಕ್ಸೈಡ್ ಶಾಖಕ್ಕೆ ಒಡೆದು ಸ್ವಲ್ಪ ಬೆಂಜೀನ್ ಆಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 95 ಉತ್ಪನ್ನ ಪರೀಕ್ಷೆ ಮಾಡಿಸಿ 2025ರ ಮಾರ್ಚ್‌ನಲ್ಲಿ ಫಲಿತಾಂಶ ಹೇಳಿತು. ಶೇಕಡಾ 90ಕ್ಕಿಂತ ಹೆಚ್ಚಿನವುಗಳಲ್ಲಿ ಬೆಂಜೀನ್ ಇರಲಿಲ್ಲ, ಇಲ್ಲಾ ತೀರಾ ಅತ್ಯಲ್ಪ. ಕೆಲವೇ ಕೆಲವನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದರು. ನಮ್ಮ ಊರುಗಳಲ್ಲಿ ನೋಡಬೇಕಾದ್ದು ಟ್ಯೂಬ್ ಎಲ್ಲಿಡ್ತೀರಿ ಅನ್ನೋದು. ಏಪ್ರಿಲ್ ಬಿಸಿಲಲ್ಲಿ ನಿಂತ ಸ್ಕೂಟಿ ಡಿಕ್ಕಿ, ಕಿಟಕಿ ಗೂಡು, ಶೀಟಿನ ಮನೆಯ ಮಾಡಿನ ಸಂದಿ ಇವು ಬೇಡ. ಮನೆಯಲ್ಲಿ ತಂಪಾಗಿರೋ ಕಪಾಟು ಸಾಕು. ಎಕ್ಸ್‌ಪೈರಿ ಆದದ್ದು, ವರ್ಷದ ಹಿಂದೆ ತೆರೆದದ್ದು ಬಿಸಾಡಿ.

ನಿಟ್ಟುವಳ್ಳಿ ನೀಲಿ · ಮೇ 3, ಸಂಜೆ 7:30

ನಿನ್ನೆ ಮತ್ತೆ ಡಾಕ್ಟ್ರ ಹತ್ರ ಹೋಗಿದ್ದೆ. ಈ ಸಲ ಐದು ನಿಮಿಷ ಸಿಕ್ತು, ನಾನೇ ಪ್ರಶ್ನೆ ಬರ್ಕಂಡು ಹೋಗಿದ್ದೆ. ಹಣೆ ಪೂರಾ ನುಣ್ಣಗೆ. ಕೆನ್ನೆ ಮೇಲೆ ತಿಂಗಳಿಗೆ ಒಂದೋ ಎರಡೋ, ಅದೂ ಮುಟ್ಟಿನ ಮುಂಚೆ. ಕಪ್ಪು ಕಲೆ ಹಂಗೇ ಅದಾವೆ, ಸ್ವಲ್ಪ ತಿಳಿಯಾಗಿರಬಹುದು. ಅದಕ್ಕೆ ಇನ್ನೂ ತಿಂಗಳುಗಟ್ಟಲೆ ಹಿಡೀತೈತೆ, ಸನ್‌ಸ್ಕ್ರೀನ್ ಬಿಡಬ್ಯಾಡ ಅಂದ್ರು. ಜೆಲ್ಲನ್ನೂ ಈಗ್ಲೇ ಬಿಡಂಗಿಲ್ಲ, ಬಿಟ್ರೆ ವಾಪಸ್ ಬರ್ತಾವಂತೆ. ಮುಟ್ಟು ಏರುಪೇರು ಆಗ್ತೈತಾ, ಗದ್ದದ ಮೇಲೆ ಗಟ್ಟಿ ಕೂದಲು ಬರ್ತೈತಾ ಅಂತಾನೂ ಕೇಳಿದ್ರು. ಇಲ್ಲ ಅಂದೆ, ಇದ್ದಿದ್ರೆ ರಕ್ತ ಪರೀಕ್ಷೆ ಬರೀತಿದ್ರಂತೆ.

ಅವ್ವನಿಗೆ ಸೀರೆ ವಿಷಯ ಹೇಳಿದೆ. ಅರ್ಧ ದಿನ ಮಾತಾಡಲಿಲ್ಲ. ಆಮೇಲೆ ಸೀರೇನ ಕತ್ತರಿಸಿ ನನಗೇ ಎರಡು ದಿಂಬಿನ ಕವರ್ ಹೊಲಿದು ಕೊಟ್ಲು. "ಹೆಂಗೂ ಹಾಳು ಮಾಡ್ತೀಯ, ಹಾಳಾಗಿದ್ದನ್ನೇ ಮಾಡು" ಅಂತ. ಈಗ ಒಂದು ಕವರ್ ಪೂರಾ ಕಿತ್ತಳೆ ಆಗ್ತಾ ಬಂದೈತೆ.

ಹೊಳಲ್ಕೆರೆ ರೋಡ್ · ಮೇ 4, ಬೆಳಿಗ್ಗೆ 8:10

ಇದನ್ನೆಲ್ಲಾ ಈಗ ಓದಿದೆ. ನಂದೂ ಇದೇ ಕಥೆ, ಮೂರು ವಾರದಿಂದ ಒಂದು ಜೆಲ್ ಹಚ್ತಿದೀನಿ, ಏನೂ ಫರಕ್ ಇಲ್ಲ. ಗೆಳೆಯ ಕೊಟ್ಟಿದ್ದು, ಪೆಟ್ಟಿಗೆ ಬಿಸಾಕಿದೀನಿ. ಮುಂದುವರಿಸ್ಲಾ?

ಮೆಡಿಕಲ್ ಕೌಂಟರ್ · ಮೇ 4, ಬೆಳಿಗ್ಗೆ 8:25

ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಏನು ಬರೆದೈತೆ ತಮ್ಮಾ, ಅದನ್ನ ಮೊದ್ಲು ಓದಿ ಹೇಳು.